ಐಎನ್‌ಎಸ್ ವಿಕ್ರಾಂತ್ (೧೯೬೧)

ಐಎನ್‌ಎಸ್ ವಿಕ್ರಾಂತ್ ಭಾರತೀಯ ನೌಕಾಪಡೆಯ ಮೊದಲ ವಿಮಾನವಾಹಕ ನೌಕೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಎಚ್‌ಎಂಎಸ್ ಹರ್ಕ್ಯುಲಿಸ್ ಎಂಬ ಹೆಸರಿನಿಂದ ಇದರ ನಿರ್ಮಾಣ ಆರಂಭವಾಯಿತು. ಯುದ್ಧ ಮುಗಿದ ಕಾರಣ ಕೆಲಸ ನಡುವೆಯೇ ನಿಂತುಹೋಯಿತು. ೧೯೫೭ರಲ್ಲಿ ಭಾರತ ಇದನ್ನು ಕೊಂಡುಕೊಂಡು ಪೂರ್ಣಗೊಳಿಸಿತು. ೧೯೬೧ರ ಮಾರ್ಚ್ ೪ರಂದು ಸೇವೆಗೆ ಸೇರಿದ ನೌಕೆ ೧೯೯೭ರ ಜನವರಿ ೩೧ರಂದು ನಿವೃತ್ತವಾಯಿತು. ೧೯೬೧ರ ಗೋವಾ ವಿಮೋಚನೆಯ ಸಮಯದಲ್ಲಿ ಪಶ್ಚಿಮ ಕರಾವಳಿಯ ಕಾವಲು ಕಾದದ್ದು, ೧೯೭೧ರ ಯುದ್ಧದಲ್ಲಿ ಪೂರ್ವ ಪಾಕಿಸ್ತಾನದ ಬಂದರುಗಳನ್ನು ನಿಷ್ಕ್ರಿಯಗೊಳಿಸಿದ್ದು ಇದರ ಸೇವಾವಧಿಯ ಎರಡು ಮುಖ್ಯ ಘಟ್ಟಗಳು. ಎರಡನೆಯ ಯುದ್ಧಕ್ಕೆ ನೌಕೆಯು ಬಿರುಕುಬಿಟ್ಟ ಬಾಯ್ಲರ್‌ಗಳೊಡನೆ, ತನ್ನ ಪೂರ್ಣ ವೇಗದ ಮೂರನೆಯ ಎರಡು ಭಾಗವನ್ನೂ ಮುಟ್ಟಲಾಗದ ಸ್ಥಿತಿಯಲ್ಲಿ ತೆರಳಿತ್ತು. ವಸ್ತುಸಂಗ್ರಹಾಲಯವಾಗಿ ಉಳಿಸುವ ಪ್ರಯತ್ನಗಳು ವಿಫಲವಾಗಿ, ೨೦೧೪ರಲ್ಲಿ ಇದನ್ನು ಒಡೆಯಲಾಯಿತು.

ಹಿನ್ನೆಲೆ: ಬೆಂಗಾವಲು ಮತ್ತು ಹಗುರ ವಿಮಾನವಾಹಕಗಳು

ಎರಡನೆಯ ಮಹಾಯುದ್ಧದ ಆರಂಭದಲ್ಲಿ ದೊಡ್ಡ ವಿಮಾನವಾಹಕ ನೌಕೆಗಳು ಬೆರಳೆಣಿಕೆಯಷ್ಟಿದ್ದವು. ಅವುಗಳನ್ನು ಕಟ್ಟಲು ಹಲವು ವರ್ಷಗಳು ಬೇಕಾಗುತ್ತಿದ್ದವು. ಅಟ್ಲಾಂಟಿಕ್ ಸಾಗರದ ನಡುಭಾಗವು ದಡದ ವಿಮಾನಗಳ ವ್ಯಾಪ್ತಿಗೆ ಸಿಗದ ಪ್ರದೇಶವಾಗಿದ್ದು, ಜರ್ಮನಿಯ ಜಲಾಂತರ್ಗಾಮಿಗಳು ಅಲ್ಲಿ ಸರಕು ಹಡಗುಗಳನ್ನು ಮುಳುಗಿಸುತ್ತಿದ್ದವು. ಇದಕ್ಕೆ ಉತ್ತರವಾಗಿ ಸರಕು ಹಡಗುಗಳ ಒಡಲಿನ ಮೇಲೆಯೇ ಸಮತಟ್ಟಾದ ಹಾರಾಟದ ಅಟ್ಟವನ್ನು ಕಟ್ಟಿ, ಕೆಲವು ವಿಮಾನಗಳನ್ನು ಒಯ್ಯುವ ವ್ಯವಸ್ಥೆ ಮಾಡಲಾಯಿತು. ಇವೇ ಬೆಂಗಾವಲು ವಿಮಾನವಾಹಕ ನೌಕೆಗಳು. ಬ್ರಿಟನ್ನಿನ ಇಂತಹ ಮೊದಲ ನೌಕೆಯಾದ ಎಚ್‌ಎಂಎಸ್ ಅಡಾಸಿಟಿ ೧೯೪೧ರಲ್ಲಿ ಸೇವೆಗೆ ಬಂದಿತು. ಮುಂದೆ ಅಮೆರಿಕವು ಇಂತಹ ನೂರಕ್ಕೂ ಹೆಚ್ಚು ನೌಕೆಗಳನ್ನು ನಿರ್ಮಿಸಿತು.

ಅಮೆರಿಕದಲ್ಲಿ ಕಟ್ಟಿ ಬ್ರಿಟನ್ನಿಗೆ ಒದಗಿಸಿದ ಬೆಂಗಾವಲು ವಾಹಕಗಳ ಒಂದು ಗುಂಪಿಗೆ 'ರೂಲರ್' ವರ್ಗವೆಂದು ಹೆಸರು. ಅರಸು ಪದವಿಗಳನ್ನೇ ಹೆಸರಾಗಿ ಇಟ್ಟುದರಿಂದ ಅವುಗಳಲ್ಲಿ ರಾಜಾ, ರಾಣಿ, ಬೇಗಮ್, ನವಾಬ್, ಅಮೀರ್, ಶಾ ಮುಂತಾದ, ಭಾರತೀಯರಿಗೆ ಪರಿಚಿತವಾದ ಹೆಸರುಗಳು ಕಾಣುತ್ತವೆ. ಇವುಗಳ ವೇಗ ಸುಮಾರು ೧೮ ನಾಟ್. ಒಯ್ಯುತ್ತಿದ್ದ ವಿಮಾನಗಳು ಇಪ್ಪತ್ತರ ಆಸುಪಾಸು. ಈ ವರ್ಗದ ಅಮೀರ್ ೧೯೪೫ರ ಜನವರಿಯಲ್ಲಿ ಬರ್ಮಾದ ಅರಾಕಾನ್ ತೀರದ ರಾಮ್ರೀ ದ್ವೀಪದಲ್ಲಿ ಸೈನ್ಯ ಇಳಿಯುವಾಗ ವೈಮಾನಿಕ ರಕ್ಷಣೆ ನೀಡಿತು. ಅದೇ ವರ್ಷದ ಮೇ ತಿಂಗಳಲ್ಲಿ ರಂಗೂನನ್ನು ಮರಳಿ ಪಡೆಯುವ ಕಾರ್ಯಾಚರಣೆಯಲ್ಲಿ ಎಂಪರರ್, ಹಂಟರ್, ಖೆದೀವ್, ಸ್ಟಾಕರ್ ಎಂಬ ನಾಲ್ಕು ಬೆಂಗಾವಲು ವಾಹಕಗಳು ಭಾಗವಹಿಸಿದವು. ಹೀಗೆ ನಿಧಾನಗತಿಯ ಸಣ್ಣ ವಾಹಕಗಳು ಬಂಗಾಳ ಕೊಲ್ಲಿಯಲ್ಲಿ ಏನನ್ನು ಸಾಧಿಸಬಲ್ಲವು ಎಂಬುದು ವಿಕ್ರಾಂತ್‌ಗಿಂತ ಒಂದು ತಲೆಮಾರಿನ ಹಿಂದೆಯೇ ಪರೀಕ್ಷೆಗೆ ಒಳಗಾಗಿತ್ತು.

ಬೆಂಗಾವಲು ವಾಹಕಗಳಿಗೂ ದೊಡ್ಡ ವಾಹಕಗಳಿಗೂ ನಡುವಿನದು ಹಗುರ ವಿಮಾನವಾಹಕ. ಇದರ ವಿನ್ಯಾಸವನ್ನು ಬ್ರಿಟನ್ ೧೯೪೨ರಲ್ಲಿ ಸಿದ್ಧಪಡಿಸಿತು. ಯುದ್ಧನೌಕೆಗಳ ಅನುಭವವಿಲ್ಲದ ಹಡಗುಕಟ್ಟೆಗಳೂ ಬೇಗನೆ ನಿರ್ಮಿಸಬೇಕೆಂಬ ಉದ್ದೇಶದಿಂದ ಇವುಗಳ ಒಡಲನ್ನು ಹೆಚ್ಚಾಗಿ ವ್ಯಾಪಾರಿ ಹಡಗುಗಳ ಮಾನದಂಡದಂತೆ ರೂಪಿಸಲಾಯಿತು. ದಪ್ಪ ರಕ್ಷಾಕವಚವನ್ನು ಕೈಬಿಡಲಾಯಿತು. ಸುಮಾರು ಮೂರು ವರ್ಷಗಳ ಯುದ್ಧಸೇವೆಗೆ ಸಾಕಾದರೆ ಸಾಕು ಎಂಬುದು ವಿನ್ಯಾಸಕಾರರ ಲೆಕ್ಕಾಚಾರವಾಗಿತ್ತು. ವಿಕ್ರಾಂತ್ ಈ ಮಾದರಿಯ ಮೆಜೆಸ್ಟಿಕ್ ವರ್ಗಕ್ಕೆ ಸೇರಿದ್ದು, ಮೂವತ್ತೈದು ವರ್ಷಗಳಿಗೂ ಮೀರಿ ಸೇವೆ ಸಲ್ಲಿಸಿತು.

ನಿರ್ಮಾಣ ಮತ್ತು ಖರೀದಿ

ಹರ್ಕ್ಯುಲಿಸ್ ನೌಕೆಯ ನಿರ್ಮಾಣವು ೧೯೪೩ರಲ್ಲಿ ಇಂಗ್ಲೆಂಡಿನ ಟೈನ್ ನದೀತೀರದ ವಿಕರ್ಸ್-ಆರ್ಮ್‌ಸ್ಟ್ರಾಂಗ್ ಹಡಗುಕಟ್ಟೆಯಲ್ಲಿ ಆರಂಭವಾಯಿತು. ಜಪಾನ್ ಶರಣಾದ ಕೆಲವೇ ದಿನಗಳ ಬಳಿಕ, ೧೯೪೫ರ ಸೆಪ್ಟೆಂಬರ್ ೨೨ರಂದು ನೌಕೆಯನ್ನು ನೀರಿಗಿಳಿಸಲಾಯಿತು. ಆ ವೇಳೆಗೆ ಮುಕ್ಕಾಲು ಪಾಲು ಕೆಲಸ ಮುಗಿದಿತ್ತು. ಯುದ್ಧ ಮುಗಿದುದರಿಂದ ಉಳಿದ ಕೆಲಸವನ್ನು ನಿಲ್ಲಿಸಿ ನೌಕೆಯನ್ನು ಸುಮ್ಮನೆ ಕಟ್ಟಿಹಾಕಲಾಯಿತು.

ಮೆಜೆಸ್ಟಿಕ್ ವರ್ಗದ ಆರು ನೌಕೆಗಳಲ್ಲಿ ಯಾವುದೂ ಬ್ರಿಟನ್ನಿನ ಸೇವೆಯಲ್ಲಿ ಬಹುಕಾಲ ಉಳಿಯಲಿಲ್ಲ. ಎರಡು ಕೆನಡಾಕ್ಕೆ, ಎರಡು ಆಸ್ಟ್ರೇಲಿಯಾಕ್ಕೆ, ಒಂದು ಭಾರತಕ್ಕೆ ಸೇರಿದವು. ಲೆವಿಯಾಥನ್ ಎಂಬ ಆರನೆಯದು ಪೂರ್ಣಗೊಳ್ಳದೆಯೇ ಗುಜರಿಗೆ ಹೋಯಿತು. ೧೯೫೭ರಲ್ಲಿ ಹರ್ಕ್ಯುಲಿಸ್ ಭಾರತದ ಪಾಲಾದ ಮೇಲೆ ಬೆಲ್‌ಫಾಸ್ಟ್‌ನ ಹಾರ್ಲೆಂಡ್ ಅಂಡ್ ವುಲ್ಫ್ ಹಡಗುಕಟ್ಟೆಯಲ್ಲಿ ಕೆಲಸ ಮುಂದುವರಿಯಿತು. ವಿಳಂಬದಿಂದ ಒಂದು ಲಾಭವೂ ಆಯಿತು. ಜೆಟ್ ವಿಮಾನಗಳಿಗಾಗಿ ಆ ವೇಳೆಗೆ ಬಳಕೆಗೆ ಬಂದಿದ್ದ ಓರೆ ಹಾರಾಟ ಅಟ್ಟ ಮತ್ತು ಉಗಿಯಿಂದ ನಡೆಯುವ ಕ್ಯಾಟಪಲ್ಟ್ ಎಂಬ ಎಸೆಯುವ ಯಂತ್ರ ಎರಡನ್ನೂ ಅಳವಡಿಸಲು ಸಾಧ್ಯವಾಯಿತು.

೧೯೬೧ರ ಮಾರ್ಚ್ ೪ರಂದು ಬೆಲ್‌ಫಾಸ್ಟ್‌ನಲ್ಲಿ, ಬ್ರಿಟನ್ನಿನಲ್ಲಿದ್ದ ಭಾರತದ ಹೈಕಮಿಷನರ್ ವಿಜಯಲಕ್ಷ್ಮಿ ಪಂಡಿತ್ ಅವರು ನೌಕೆಯನ್ನು ಸೇವೆಗೆ ಸೇರಿಸಿದರು. ಕ್ಯಾಪ್ಟನ್ ಪ್ರೀತಮ್ ಸಿಂಗ್ ಮಹೀಂದ್ರೂ ಮೊದಲ ಕಮಾಂಡಿಂಗ್ ಅಧಿಕಾರಿಯಾದರು. ಮೇ ೧೮ರಂದು ಮೊದಲ ಜೆಟ್ ವಿಮಾನವನ್ನು ನೌಕೆಯ ಮೇಲೆ ಇಳಿಸಿದವರು ಲೆಫ್ಟಿನೆಂಟ್ ಆರ್. ಎಚ್. ತಹಿಲಿಯಾನಿ. ಮುಂದೆ ಅವರು ನೌಕಾಪಡೆಯ ಮುಖ್ಯಸ್ಥರಾದರು. ನವೆಂಬರ್ ೩ರಂದು ಮುಂಬಯಿಗೆ ಬಂದ ನೌಕೆಯನ್ನು ಪ್ರಧಾನಿ ಜವಾಹರಲಾಲ್ ನೆಹರೂ ಸ್ವಾಗತಿಸಿದರು.

ಹೆಸರು

'ವಿಕ್ರಾಂತ' ಎಂಬುದು ಸಂಸ್ಕೃತ ಪದ. ಎಲ್ಲೆಯನ್ನು ದಾಟಿ ನಡೆದವನು, ಪರಾಕ್ರಮಿ ಎಂದು ಅರ್ಥ. ನೌಕೆಯ ಧ್ಯೇಯವಾಕ್ಯವನ್ನು ಋಗ್ವೇದದಿಂದ ಆರಿಸಿಕೊಳ್ಳಲಾಗಿದೆ.

ತಾಂತ್ರಿಕ ವಿವರಗಳು

ಸಾಮಾನ್ಯ ತೂಕ: ೧೬,೦೦೦ ಟನ್, ಪೂರ್ಣ ಹೊರೆಯೊಡನೆ ೧೯,೫೦೦ ಟನ್
ಉದ್ದ: ಸುಮಾರು ೨೧೩ ಮೀಟರ್
ಅಗಲ: ಸುಮಾರು ೩೯ ಮೀಟರ್
ನೀರಿನೊಳಗಿನ ಆಳ: ೭.೩ ಮೀಟರ್
ಯಂತ್ರ: ೪ ಬಾಯ್ಲರ್, ೨ ಉಗಿ ಟರ್ಬೈನ್, ಒಟ್ಟು ೪೦,೦೦೦ ಅಶ್ವಶಕ್ತಿ
ಗರಿಷ್ಠ ವೇಗ: ೨೫ ನಾಟ್ (ಗಂಟೆಗೆ ಸುಮಾರು ೪೬ ಕಿ.ಮೀ.)
ಸಿಬ್ಬಂದಿ: ವಿಮಾನ ವಿಭಾಗವೂ ಸೇರಿ ಸುಮಾರು ೧,೧೦೦
ಫಿರಂಗಿ: ೪೦ ಮಿ.ಮೀ. ಬೋಫೋರ್ಸ್ ವಿಮಾನನಿರೋಧಕ ಫಿರಂಗಿ ೧೬, ನಂತರ ೮
ವಿಮಾನಗಳು: ಇಪ್ಪತ್ತಕ್ಕೂ ಹೆಚ್ಚು

ಆರಂಭದಲ್ಲಿ ಎರಡು ಬಗೆಯ ವಿಮಾನಗಳಿದ್ದವು. ಬ್ರಿಟನ್ನಿನ ಸೀ ಹಾಕ್ ಒಬ್ಬನೇ ಚಾಲಕನ ಜೆಟ್ ಯುದ್ಧವಿಮಾನ. ಇದನ್ನು ೩೦೦ನೆಯ ಸ್ಕ್ವಾಡ್ರನ್ (ಬಿಳಿ ಹುಲಿಗಳು) ನಡೆಸುತ್ತಿತ್ತು. ಫ್ರಾನ್ಸಿನ ಅಲೀಜೆ ಜಲಾಂತರ್ಗಾಮಿಗಳನ್ನು ಹುಡುಕುವ ಪ್ರೊಪೆಲರ್ ವಿಮಾನ. ಇದು ೩೧೦ನೆಯ ಸ್ಕ್ವಾಡ್ರನ್ನಿನದು. ನೀರಿಗೆ ಬಿದ್ದ ಚಾಲಕರನ್ನು ಎತ್ತುವ ಕೆಲಸಕ್ಕೆ ಹೆಲಿಕಾಪ್ಟರುಗಳಿದ್ದವು.

ಗೋವಾ ವಿಮೋಚನೆ, ೧೯೬೧

ಮುಂಬಯಿಗೆ ಬಂದು ಆರು ವಾರಗಳು ಕಳೆಯುವಷ್ಟರಲ್ಲಿ ವಿಕ್ರಾಂತ್ 'ಆಪರೇಷನ್ ವಿಜಯ್' ಕಾರ್ಯಾಚರಣೆಗೆ ನಿಯೋಜಿತವಾಯಿತು. ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವೆಯನ್ನು ಬಿಡಿಸಿಕೊಳ್ಳುವ ಈ ಕಾರ್ಯಾಚರಣೆಯ ಭೂಸೇನೆ ಅಂದಿನ ಮೈಸೂರು ರಾಜ್ಯದ ಬೆಳಗಾವಿಯನ್ನು ನೆಲೆಯಾಗಿ ಮಾಡಿಕೊಂಡಿತ್ತು. ಮೇಜರ್ ಜನರಲ್ ಕೆ. ಪಿ. ಕ್ಯಾಂಡೆತ್ ಅವರ ನೇತೃತ್ವದ ೧೭ನೆಯ ಪದಾತಿ ಡಿವಿಷನ್ ಮತ್ತು ಬ್ರಿಗೇಡಿಯರ್ ಸಗತ್ ಸಿಂಗ್ ಅವರ ೫೦ನೆಯ ಪ್ಯಾರಾ ಬ್ರಿಗೇಡ್ ಇದರಲ್ಲಿದ್ದವು. ಬೆಳಗಾವಿಯ ಸಾಂಬ್ರಾ ವಿಮಾನನಿಲ್ದಾಣದಿಂದ ಹಾರಿದ ವಾಯುಪಡೆಯ ಹಂಟರ್ ವಿಮಾನಗಳು ಡಿಸೆಂಬರ್ ೧೮ರಂದು ಬಾಂಬೋಳಿಯ ರೇಡಿಯೊ ಕೇಂದ್ರದ ಮೇಲೆ ದಾಳಿ ಮಾಡಿದವು. ಪುಣೆಯಿಂದ ಬಂದ ಕ್ಯಾನ್‌ಬೆರಾ ವಿಮಾನಗಳು ದಾಬೋಳಿ ವಿಮಾನನಿಲ್ದಾಣದ ಓಡುದಾರಿಯನ್ನು ಗುರಿಯಾಗಿಸಿಕೊಂಡವು.

ಸಮುದ್ರದ ಕಡೆಯಿಂದ ಹೊರಗಿನ ನೆರವು ಬಾರದಂತೆ ತಡೆಯುವುದು ವಿಕ್ರಾಂತ್‌ಗೆ ಒಪ್ಪಿಸಿದ ಕೆಲಸವಾಗಿತ್ತು. ಪೋರ್ಚುಗಲ್ ನೇಟೋ ಒಕ್ಕೂಟದ ಸದಸ್ಯ ರಾಷ್ಟ್ರವಾಗಿದ್ದುದರಿಂದ ಇಂತಹ ಎಚ್ಚರಿಕೆ ಅಗತ್ಯವೆನಿಸಿತ್ತು. ರಾಜಪೂತ್ ಮತ್ತು ಕಿರ್ಪಾನ್ ಯುದ್ಧನೌಕೆಗಳ ಜೊತೆಯಲ್ಲಿ ವಿಕ್ರಾಂತ್ ಗೋವಾ ಕರಾವಳಿಯಿಂದ ದೂರದಲ್ಲಿ ಗಸ್ತು ತಿರುಗಿತು. ಹೊರಗಿನ ನೌಕೆಗಳಾವುವೂ ಬರಲಿಲ್ಲ. ವಿಕ್ರಾಂತ್‌ನ ವಿಮಾನಗಳು ಯುದ್ಧದಲ್ಲಿ ತೊಡಗಬೇಕಾಗಿ ಬರಲಿಲ್ಲ.

ದಡದ ಸಮೀಪ ಕಾದಾಡಿದವು ಇತರ ನೌಕೆಗಳು. ಬೇತ್ವಾ ಮತ್ತು ಬಿಯಾಸ್ ನೌಕೆಗಳು ಪೋರ್ಚುಗೀಸರ ಅಫೋನ್ಸೊ ಡಿ ಅಲ್ಬುಕರ್ಕ್ ನೌಕೆಯನ್ನು ನಿಷ್ಕ್ರಿಯಗೊಳಿಸಿದವು. ಕಾರವಾರದ ಎದುರಿಗಿರುವ ಅಂಜದೀವ ದ್ವೀಪಕ್ಕೆ ಮೈಸೂರು ರಾಜ್ಯದ ಹೆಸರನ್ನೇ ಹೊತ್ತಿದ್ದ ಐಎನ್‌ಎಸ್ ಮೈಸೂರು ಹಾಗೂ ತ್ರಿಶೂಲ್ ತೆರಳಿದವು. ದ್ವೀಪಕ್ಕೆ ಇಳಿದ ನೌಕಾಪಡೆಯ ತುಕಡಿಯಲ್ಲಿ ೭ ಮಂದಿ ಪ್ರಾಣತೆತ್ತರು. ಡಿಸೆಂಬರ್ ೧೯ರಂದು ಗೋವೆಯ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವ ಶರಣಾದನು.

ಈ ಕಾರ್ಯಾಚರಣೆಯಿಂದ ವಿಕ್ರಾಂತ್‌ಗೆ ಶಾಶ್ವತ ಪ್ರಯೋಜನವೊಂದು ದೊರೆಯಿತು. ಅದರ ವಿಮಾನಗಳ ದಡದ ನೆಲೆಯಾದ ಐಎನ್‌ಎಸ್ ಹಂಸ ಮೊದಲು ಕೊಯಮತ್ತೂರಿನ ಸೂಲೂರಿನಲ್ಲಿ ಸಮುದ್ರದಿಂದ ದೂರವಿತ್ತು. ೧೯೬೪ರಲ್ಲಿ ಅದು ದಾಬೋಳಿಗೆ ಸ್ಥಳಾಂತರಗೊಂಡಿತು.

ಬಾಯ್ಲರ್ ಬಿರುಕು ಮತ್ತು ೧೯೭೧ರ ನಿರ್ಧಾರ

೧೯೬೫ರ ಭಾರತ-ಪಾಕಿಸ್ತಾನ ಯುದ್ಧದ ಸಮಯದಲ್ಲಿ ವಿಕ್ರಾಂತ್ ದುರಸ್ತಿಗಾಗಿ ಡ್ರೈಡಾಕಿನಲ್ಲಿತ್ತು. ಆದರೂ ಅದನ್ನು ಮುಳುಗಿಸಿದ್ದಾಗಿ ಪಾಕಿಸ್ತಾನ ಪ್ರಚಾರ ಮಾಡಿತು. ಇಷ್ಟು ವೆಚ್ಚದ ನೌಕೆ ಯುದ್ಧಕಾಲದಲ್ಲಿ ಬಂದರಿನಲ್ಲೇ ಉಳಿಯಿತೆಂಬ ಮಾತು ಬಹುಕಾಲ ನೌಕೆಯನ್ನು ಬಿಡಲಿಲ್ಲ.

೧೯೭೦ರ ಜೂನ್‌ನಲ್ಲಿ ಬಾಯ್ಲರ್‌ಗಳ ನೀರಿನ ಡ್ರಮ್ಮುಗಳಲ್ಲಿ ಬಿರುಕುಗಳು ಕಂಡುಬಂದವು. ಬೆಸುಗೆ ಹಾಕಿ ಸರಿಪಡಿಸಲು ಸಾಧ್ಯವಿರಲಿಲ್ಲ. ಹೊಸ ಡ್ರಮ್ಮುಗಳಿಗಾಗಿ ಬ್ರಿಟನ್ನಿಗೆ ಬೇಡಿಕೆ ಸಲ್ಲಿಸಿ, ಅವು ಬರುವವರೆಗೆ ಬಾಯ್ಲರ್‌ಗಳನ್ನು ಹೊತ್ತಿಸಬಾರದೆಂದು ನೌಕಾ ಕೇಂದ್ರ ಕಚೇರಿ ಆದೇಶಿಸಿತು. ನೌಕೆ ಹಲವು ತಿಂಗಳು ನಿಂತಲ್ಲೇ ನಿಂತಿತು. ೧೯೭೧ರಲ್ಲಿ ಪೂರ್ವ ಪಾಕಿಸ್ತಾನದ ಪರಿಸ್ಥಿತಿ ಬಿಗಡಾಯಿಸುತ್ತಿದ್ದಾಗ, ಹೊಸ ಡ್ರಮ್ಮುಗಳು ಬಾರದಿದ್ದರೂ ಉಗಿಯ ಒತ್ತಡವನ್ನು ಇಳಿಸಿ ಬಾಯ್ಲರ್‌ಗಳನ್ನು ಹೊತ್ತಿಸಲಾಯಿತು. ಮಾರ್ಚ್ ೧೮ರಂದು ಸಮುದ್ರ ಪರೀಕ್ಷೆಗಳು ಆರಂಭವಾದವು. ಪ್ರೊಪೆಲರ್‌ಗಳ ಸುತ್ತುಗಳನ್ನು ನಿಮಿಷಕ್ಕೆ ೧೨೦ಕ್ಕೆ ಮಿತಿಗೊಳಿಸಿದ್ದರಿಂದ ವೇಗವು ೧೪ ನಾಟ್‌ಗೆ ಇಳಿಯಿತು. ರೂಲರ್ ವರ್ಗದ ಬೆಂಗಾವಲು ವಾಹಕಗಳಿಗಿಂತಲೂ ಇದು ಕಡಿಮೆ.

ವೇಗದ ಈ ಇಳಿಕೆ ಕೇವಲ ಪ್ರಯಾಣದ ಪ್ರಶ್ನೆಯಾಗಿರಲಿಲ್ಲ. ವಿಮಾನ ಮೇಲೇರಲು ಅದರ ರೆಕ್ಕೆಗಳ ಮೇಲೆ ಸಾಕಷ್ಟು ವೇಗದ ಗಾಳಿ ಹಾಯಬೇಕು. ಅದಕ್ಕಾಗಿ ವಾಹಕವು ಗಾಳಿಗೆ ಎದುರಾಗಿ ತಿರುಗಿ ಓಡುತ್ತದೆ. ೧೦ ನಾಟ್ ಗಾಳಿಗೆ ಎದುರಾಗಿ ೨೫ ನಾಟ್ ವೇಗದಲ್ಲಿ ಸಾಗಿದರೆ ಅಟ್ಟದ ಮೇಲೆ ೩೫ ನಾಟ್ ಗಾಳಿ ದೊರೆಯುತ್ತದೆ; ೧೪ ನಾಟ್ ವೇಗದಲ್ಲಿ ಸಾಗಿದರೆ ೨೪ ನಾಟ್ ಮಾತ್ರ. ಗಾಳಿ ಬೀಸದ ದಿನ ಹೊರೆ ತುಂಬಿದ ವಿಮಾನಗಳನ್ನು ಹಾರಿಸುವುದು ಕಷ್ಟ. ಇದಲ್ಲದೆ ನಿಧಾನವಾಗಿ ಸಾಗುವ ವಾಹಕವು ಜಲಾಂತರ್ಗಾಮಿಗೆ ಸುಲಭದ ಗುರಿ.

ಪಾಕಿಸ್ತಾನದ ಹೆಚ್ಚಿನ ಜಲಾಂತರ್ಗಾಮಿಗಳೂ ಯುದ್ಧವಿಮಾನಗಳೂ ಪಶ್ಚಿಮದಲ್ಲಿದ್ದವು. ಪೂರ್ವದಲ್ಲಿ ಎದುರಾಳಿಯ ನೌಕಾಬಲ ಕಡಿಮೆ. ಅಲ್ಲಿಯ ಬಂದರುಗಳನ್ನು ಮುಚ್ಚಿದರೆ ಪಾಕಿಸ್ತಾನಿ ಸೈನ್ಯಕ್ಕೆ ಸಮುದ್ರಮಾರ್ಗದ ಪೂರೈಕೆಯೂ ಹಿಮ್ಮೆಟ್ಟುವ ದಾರಿಯೂ ಇಲ್ಲವಾಗುತ್ತಿದ್ದವು. ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಎಸ್. ಎಂ. ನಂದಾ ಅವರ ಕಾಲದಲ್ಲಿ ವಿಕ್ರಾಂತ್ ಅನ್ನು ಪೂರ್ವ ಕರಾವಳಿಗೆ ಕಳುಹಿಸಲಾಯಿತು. ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥರಾಗಿದ್ದರು; ನೌಕೆಯ ಕಮಾಂಡಿಂಗ್ ಅಧಿಕಾರಿ ಕ್ಯಾಪ್ಟನ್ ಸ್ವರಾಜ್ ಪ್ರಕಾಶ್.

ಬಂಗಾಳ ಕೊಲ್ಲಿಯಲ್ಲಿ, ಡಿಸೆಂಬರ್ ೧೯೭೧

ವಿಕ್ರಾಂತ್ ಅನ್ನು ಮುಳುಗಿಸುವ ಉದ್ದೇಶದಿಂದ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ನವೆಂಬರ್ ೧೪ರಂದು ಕರಾಚಿಯಿಂದ ಹೊರಟಿತು. ವಿಕ್ರಾಂತ್ ಅಷ್ಟರಲ್ಲಿ ಅಂಡಮಾನಿನ ಪೋರ್ಟ್ ಕಾರ್ನ್‌ವಾಲಿಸ್ ಎಂಬ ಏಕಾಂತ ಬಂದರಿಗೆ ಸರಿದಿತ್ತು. ಅದು ವಿಶಾಖಪಟ್ಟಣದ ಬಳಿಯಲ್ಲೇ ಇದೆಯೆಂಬ ಭ್ರಮೆ ಹುಟ್ಟಿಸಲು ಹಳೆಯ ವಿಧ್ವಂಸಕ ನೌಕೆ ರಾಜಪೂತ್ ರೇಡಿಯೊ ಸಂದೇಶಗಳನ್ನು ಕಳುಹಿಸುತ್ತಿತ್ತು. ಡಿಸೆಂಬರ್ ೩-೪ರ ರಾತ್ರಿ ವಿಶಾಖಪಟ್ಟಣದ ಹೊರಗೆ ಘಾಜಿ ಮುಳುಗಿತು. ಅದರಲ್ಲಿದ್ದ ೯೩ ಮಂದಿಯೂ ಮೃತರಾದರು. ರಾಜಪೂತ್ ಎಸೆದ ಆಳಸಿಡಿಗುಂಡುಗಳಿಂದ ಅದು ನಾಶವಾಯಿತೆಂಬುದು ಭಾರತೀಯ ನೌಕಾಪಡೆಯ ನಿಲುವು. ಆಕಸ್ಮಿಕ ಸ್ಫೋಟದಿಂದ ಮುಳುಗಿತೆಂಬುದು ಪಾಕಿಸ್ತಾನದ ನಿಲುವು. ಈ ಅಪಾಯ ಕಲ್ಪಿತವಾಗಿರಲಿಲ್ಲ ಎಂಬುದಕ್ಕೆ ಪಶ್ಚಿಮದ ಉದಾಹರಣೆಯೇ ಸಾಕ್ಷಿ. ಡಿಸೆಂಬರ್ ೯ರಂದು ಅರಬ್ಬೀ ಸಮುದ್ರದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿಯೊಂದು ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. ೧೮ ಅಧಿಕಾರಿಗಳೂ ೧೭೬ ನಾವಿಕರೂ ಅಸುನೀಗಿದರು.

ಡಿಸೆಂಬರ್ ೪ರ ಬೆಳಿಗ್ಗೆ ವಿಕ್ರಾಂತ್‌ನಿಂದ ಹಾರಿದ ಎಂಟು ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್ ವಿಮಾನನಿಲ್ದಾಣದ ಮೇಲೆ ದಾಳಿ ಮಾಡಿದವು. ಅದೇ ದಿನ ಚಿತ್ತಗಾಂಗ್ ಬಂದರಿನ ಮೇಲೂ ದಾಳಿ ನಡೆಯಿತು. ಮುಂದಿನ ದಿನಗಳಲ್ಲಿ ಖುಲ್ನಾ, ಮೋಂಗ್ಲಾ ಮುಂತಾದೆಡೆ ಹಡಗುಗಳೂ ಬಂದರಿನ ಸೌಕರ್ಯಗಳೂ ಗುರಿಯಾದವು. ಸೀ ಹಾಕ್‌ಗಳು ಹಗಲಿನಲ್ಲೂ ಅಲೀಜೆಗಳು ರಾತ್ರಿಯಲ್ಲೂ ಹಾರುತ್ತಿದ್ದವು. ಬ್ರಹ್ಮಪುತ್ರ, ಬಿಯಾಸ್, ಕಮೋರ್ತಾ, ಕವರತ್ತಿ ಮುಂತಾದ ನೌಕೆಗಳು ವಾಹಕದ ಸುತ್ತ ಕಾವಲಿದ್ದು, ಕಡಲದಾರಿಯನ್ನೂ ತಡೆದವು. ಡಿಸೆಂಬರ್ ೧೬ರಂದು ಢಾಕಾದಲ್ಲಿ ಪಾಕಿಸ್ತಾನಿ ಸೈನ್ಯ ಶರಣಾಗುವ ಹೊತ್ತಿಗೆ ಸಮುದ್ರದ ಮೂಲಕ ಪಾರಾಗುವ ದಾರಿ ಅದಕ್ಕೆ ಉಳಿದಿರಲಿಲ್ಲ.

ಈ ಸೇವೆಗಾಗಿ ನೌಕೆಯ ಸಿಬ್ಬಂದಿಗೆ ೨ ಮಹಾವೀರ ಚಕ್ರಗಳು ಮತ್ತು ೧೨ ವೀರ ಚಕ್ರಗಳು ದೊರೆತವು. ಮಹಾವೀರ ಚಕ್ರ ಪಡೆದವರು ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಮತ್ತು ಸೀ ಹಾಕ್ ಸ್ಕ್ವಾಡ್ರನ್ನಿನ ನಾಯಕ ಲೆಫ್ಟಿನೆಂಟ್ ಕಮಾಂಡರ್ ಎಸ್. ಕೆ. ಗುಪ್ತ.

ನಂತರದ ಸೇವೆ

೧೯೭೯ರಿಂದ ೧೯೮೨ರ ಜನವರಿಯವರೆಗೆ ನೌಕೆಯ ದೊಡ್ಡ ದುರಸ್ತಿ ನಡೆಯಿತು. ವಯಸ್ಸಾದ ಸೀ ಹಾಕ್‌ಗಳ ಸ್ಥಾನಕ್ಕೆ ನಿಂತಲ್ಲೇ ಇಳಿಯಬಲ್ಲ ಸೀ ಹ್ಯಾರಿಯರ್ ವಿಮಾನಗಳು ಬಂದವು. ೧೯೮೩ರ ಡಿಸೆಂಬರ್‌ನಲ್ಲಿ ಇವು ಮೊದಲ ಬಾರಿಗೆ ವಿಕ್ರಾಂತ್ ಮೇಲೆ ಇಳಿದವು. ೧೯೮೭ರಲ್ಲಿ ಎರಡನೆಯ ವಿಮಾನವಾಹಕ ಐಎನ್‌ಎಸ್ ವಿರಾಟ್ ಸೇವೆಗೆ ಸೇರಿತು. ಅದೇ ವರ್ಷ ಅಲೀಜೆಗಳು ವಿಕ್ರಾಂತ್ ಅನ್ನು ಬಿಟ್ಟು ದಡಕ್ಕೆ ಸರಿದವು. ೧೯೮೭ರಿಂದ ೧೯೮೯ರ ನಡುವೆ ಕ್ಯಾಟಪಲ್ಟ್ ತೆಗೆದು, ಮುಂಭಾಗದಲ್ಲಿ ೯.೭೫ ಡಿಗ್ರಿ ಮೇಲ್ಮುಖವಾಗಿ ಬಾಗಿದ ಇಳಿಜಾರನ್ನು ನಿರ್ಮಿಸಲಾಯಿತು. ೧೯೯೪ರ ನವೆಂಬರ್‌ನಲ್ಲಿ ನೌಕೆ ಕೊನೆಯ ಬಾರಿಗೆ ಸಮುದ್ರಕ್ಕೆ ಹೋಯಿತು.

ಸಂರಕ್ಷಣೆಯ ವಿವಾದ ಮತ್ತು ವಿಲೇವಾರಿ

ನಿವೃತ್ತಿಯ ಬಳಿಕ ನೌಕೆಯನ್ನು ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿ ಉಳಿಸುವ ಯೋಜನೆಯಿತ್ತು. ೨೦೦೧ರಲ್ಲಿ ಸಾರ್ವಜನಿಕರಿಗೆ ಪ್ರವೇಶ ದೊರೆಯಿತು. ಆದರೆ ಉಕ್ಕಿನ ಒಡಲನ್ನು ಉಪ್ಪುನೀರಿನಲ್ಲಿ ಕಾಪಾಡುವ ವೆಚ್ಚ ದೊಡ್ಡದು. ಅದನ್ನು ಶಾಶ್ವತವಾಗಿ ವಹಿಸಿಕೊಳ್ಳುವ ಪಾಲುದಾರರು ಮಹಾರಾಷ್ಟ್ರ ಸರ್ಕಾರಕ್ಕೆ ಸಿಗಲಿಲ್ಲ. ಸುರಕ್ಷಿತವಲ್ಲವೆಂಬ ಕಾರಣದಿಂದ ೨೦೧೨ರಲ್ಲಿ ಪ್ರವೇಶವನ್ನು ನಿಲ್ಲಿಸಲಾಯಿತು.

ಗುಜರಿಗೆ ಹರಾಜು ಹಾಕುವ ನಿರ್ಧಾರದ ವಿರುದ್ಧ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು. ಯುದ್ಧದಲ್ಲಿ ಸೇವೆ ಸಲ್ಲಿಸಿದ ನೌಕೆ ರಾಷ್ಟ್ರದ ಸ್ಮಾರಕವೆಂಬುದು ಒಂದು ವಾದ. ಶಿಥಿಲವಾದ ನೌಕೆಯನ್ನು ಇನ್ನು ಉಳಿಸಿಕೊಳ್ಳುವುದು ಅಸಾಧ್ಯವೆಂಬುದು ಇನ್ನೊಂದು. ೨೦೧೪ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಅರ್ಜಿಯನ್ನು ವಜಾಗೊಳಿಸಿತು. ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ವಿಲೇವಾರಿಗೆ ಸಮ್ಮತಿಸಿತು. ನವೆಂಬರ್ ೨೨ರಂದು ಮುಂಬಯಿಯ ದಾರುಖಾನಾದಲ್ಲಿ ಒಡೆಯುವ ಕೆಲಸ ಆರಂಭವಾಯಿತು. ನೌಕೆಯ ಲೋಹದ ಒಂದು ಭಾಗವನ್ನು ಬಜಾಜ್ ಕಂಪನಿಯು ೨೦೧೬ರಲ್ಲಿ ಹೊರತಂದ 'ವಿ' ಮೋಟಾರ್‌ಸೈಕಲ್ಲಿನಲ್ಲಿ ಬಳಸಿತು. ಅದೇ ವರ್ಷ ಮುಂಬಯಿ ನೌಕಾನೆಲೆಯ ಲಯನ್ ಗೇಟ್ ಸಮೀಪ ನೌಕೆಯ ಲೋಹದಿಂದಲೇ ಮಾಡಿದ ಸ್ಮಾರಕ ಅನಾವರಣಗೊಂಡಿತು. ೨೦೧೭ರಲ್ಲಿ ನಿವೃತ್ತವಾದ ವಿರಾಟ್ ಕೂಡ ಉಳಿಯಲಿಲ್ಲ. ಗುಜರಾತಿನ ಅಲಂಗ್‌ನಲ್ಲಿ ಅದನ್ನು ಒಡೆಯಲಾಯಿತು.

ಕರ್ನಾಟಕದೊಂದಿಗಿನ ಸಂಬಂಧ

ವಿಕ್ರಾಂತ್ ಕರ್ನಾಟಕದಲ್ಲಿ ನೆಲೆ ಹೊಂದಿರಲಿಲ್ಲ. ಆದರೆ ಅದು ೧೯೬೧ರಲ್ಲಿ ಕಾವಲು ಕಾದ ಕರಾವಳಿಯಲ್ಲಿಯೇ ಮುಂದೆ ವಿಮಾನವಾಹಕಗಳ ನೆಲೆ ರೂಪುಗೊಂಡಿತು. ೧೯೮೬ರಲ್ಲಿ ಕಾರವಾರದ ಬಳಿ 'ಸೀಬರ್ಡ್' ಯೋಜನೆಗೆ ಶಂಕುಸ್ಥಾಪನೆಯಾಯಿತು. ೨೦೦೫ರ ಮೇ ೩೧ರಂದು ಐಎನ್‌ಎಸ್ ಕದಂಬ ನೆಲೆ ಕಾರ್ಯಾರಂಭ ಮಾಡಿತು. ಅಂಜದೀವ ದ್ವೀಪ ಇಂದು ಈ ನೆಲೆಯ ಅಲೆತಡೆಗೋಡೆಯೊಡನೆ ಕೂಡಿಕೊಂಡಿದೆ. ಹಳೆಯ ವಿಕ್ರಾಂತ್‌ನ ಅರ್ಜಿ ಹೈಕೋರ್ಟಿನಲ್ಲಿ ವಜಾಗೊಂಡ ೨೦೧೪ರ ಜನವರಿಯಲ್ಲಿಯೇ, ರಷ್ಯಾದಿಂದ ಹೊರಟಿದ್ದ ಐಎನ್‌ಎಸ್ ವಿಕ್ರಮಾದಿತ್ಯ ಕಾರವಾರ ತಲುಪಿತು.

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ವಸ್ತುಸಂಗ್ರಹಾಲಯವಾಗಿ ಉಳಿಸಲಾಗಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಂತಹ ಒಳನಾಡಿನ ತಾಲ್ಲೂಕುಗಳ ಜನರು ಯುದ್ಧನೌಕೆಯೊಂದನ್ನು ಒಳಹೊಕ್ಕು ನೋಡಬಹುದಾದ ಸ್ಥಳವಿದು. ನೀರಿನಿಂದ ಮೇಲೆತ್ತಿ ನೆಲದ ಮೇಲೆ ನಿಲ್ಲಿಸಿದ ಸಣ್ಣ ನೌಕೆಯನ್ನು ಕಾಪಾಡುವುದು, ಇಪ್ಪತ್ತು ಸಾವಿರ ಟನ್‌ಗೆ ಸಮೀಪದ ವಾಹಕವನ್ನು ನೀರಿನಲ್ಲೇ ಕಾಪಾಡುವುದಕ್ಕಿಂತ ಸುಲಭ.

ಕೊಚ್ಚಿಯಲ್ಲಿ ನಿರ್ಮಿಸಿದ ಸ್ವದೇಶಿ ವಿಮಾನವಾಹಕಕ್ಕೆ ವಿಕ್ರಾಂತ್ ಎಂಬ ಹೆಸರನ್ನೇ ಇಡಲಾಯಿತು. ೨೦೨೨ರ ಸೆಪ್ಟೆಂಬರ್ ೨ರಂದು ಸೇವೆಗೆ ಸೇರಿದ ಆ ನೌಕೆಯು ಹಳೆಯ ನೌಕೆಯ 'ಆರ್ ೧೧' ಎಂಬ ಗುರುತಿನ ಸಂಖ್ಯೆಯನ್ನೂ ಧ್ಯೇಯವಾಕ್ಯವನ್ನೂ ಪಡೆದುಕೊಂಡಿದೆ.

ಇವನ್ನೂ ನೋಡಿ

ಆಪರೇಷನ್ ವಿಜಯ್ (೧೯೬೧)
ಬಾಂಗ್ಲಾದೇಶ ವಿಮೋಚನಾ ಯುದ್ಧ
ಐಎನ್‌ಎಸ್ ವಿರಾಟ್
ಐಎನ್‌ಎಸ್ ಕದಂಬ
ಅಂಜದೀವ